ಹೊರಡುವವನ ಕೋಟು

ಫೆಬ್ರವರಿ 3, ಸೋಮವಾರ

ಇವತ್ತು ನಿರ್ದೇಶಕರು ಕರೆಸಿದ್ದರು. ಕರೆಸಿ, ನಿಲ್ಲಿಸಿಕೊಂಡೇ ಮಾತಾಡಿದರು. ಅವರ ಕೋಣೆಯ ಕುರ್ಚಿಗಳ ಮೇಲೆಲ್ಲ ಫೈಲುಗಳು ಕೂತಿದ್ದವು. ಒಂದರ ಮೇಲೆ ಅವರ ಊಟದ ಚೀಲವೂ ಇತ್ತು. ನಮ್ಮ ಸಂಶೋಧನಾಲಯದ ಕೋಲ್ಡ್ ರೂಮನ್ನು ಮಾರ್ಚ್ ಕೊನೆಯೊಳಗೆ ಖಾಲಿ ಮಾಡಬೇಕಂತೆ. ಹೊರದೇಶದಿಂದ ಬರುವ ಅತಿಥಿಗಳಿಗೆ ಕೂರಲು ತಂಪಾದ ಜಾಗ ಬೇಕಂತೆ.

“ಹೇಗೂ ತಣ್ಣಗಿದೆಯಲ್ಲ ಡಾಕ್ಟ್ರೇ. ಚಳಿ ಸ್ವಲ್ಪ ಕಡಿಮೆ ಮಾಡಿ ನಾಲ್ಕು ಸೋಫಾ ಹಾಕಿದ್ರೆ ಮುಗೀತು.”

“ಸರ್, ಒಳಗೆ ಬೀಜಗಳಿವೆ. ಚಳಿ ಕಡಿಮೆಯಾದ್ರೆ ಒಂದೂ ಬೇಸಿಗೆ ದಾಟಲ್ಲ.”

ಕಾಡುಮರಗಳ ಬೀಜಗಳವು. ನನ್ನ ಅರ್ಧ ಆಯುಸ್ಸು ಅವನ್ನು ಕೂಡಿಡುವುದರಲ್ಲಿ ಹೋಗಿದೆ. ಅವುಗಳಲ್ಲಿ ಕೆಲವು ಮರಗಳು ಈಗ ಕಾಡಿನಲ್ಲೇ ಇಲ್ಲ, ನನ್ನ ಡಬ್ಬಿಗಳಲ್ಲಿ ಮಾತ್ರ ಇವೆ. ಇಷ್ಟನ್ನೂ ಹೇಳಿದೆ. ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು.

“ಎಷ್ಟು ಮೊಳಕೆ ಬಂದಿವೆ?”

ಕೈಯಲ್ಲಿದ್ದ ಲೆಕ್ಕದ ಪುಸ್ತಕವನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಹತ್ತು ಹಾಕಿದರೆ ಒಂದು ಬರುತ್ತದೆ, ಅದೂ ಅದರ ಮನಸ್ಸು ಚೆನ್ನಾಗಿದ್ದರೆ.

“ಹೋಗ್ಲಿ, ಹೊರಗಿನವರು ಯಾರಾದ್ರೂ ನೋಡಿದ್ದಾರಾ ನಿಮ್ಮ ಕೆಲಸಾನ?”

“ಇಲ್ಲ ಸರ್.”

“ಮತ್ತೆ?”

ಈ ‘ಮತ್ತೆ’ ಕೇಳಿ ಮೈಯೆಲ್ಲ ಉರಿದುಹೋಯಿತು. ಹೊರಗಿನವರು ನೋಡದಿದ್ದರೆ ಬೀಜ ಬೀಜವಲ್ಲವೇ? ಬರುವ ದಾರಿಯಲ್ಲಿ ಹಜಾರದ ಗೋಡೆಯ ಮೇಲಿರುವ ದೊಡ್ಡ ಫೋಟೋ ನೋಡಿಕೊಂಡು ನಿಂತೆ. ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವನು. ಇಲ್ಲಿದ್ದಷ್ಟು ದಿನ ಒಂದು ಗಟ್ಟಿ ಸ್ಟೂಲಿಗಾಗಿ ಅಂಗಲಾಚಿದ, ಕೊಡಲಿಲ್ಲ. ಹೊರದೇಶಕ್ಕೆ ಹೋದ, ಬಹುಮಾನ ಬಂತು, ಅವನಿಗೆ ಗೋಡೆಯನ್ನೇ ಕೊಟ್ಟರು. ನಾನೇನಾದರೂ ಎಂದಾದರೂ ನಿರ್ದೇಶಕರ ಕುರ್ಚಿಯಲ್ಲಿ ಕೂತರೆ, ‘ಹೊರಗಿನವರು ನೋಡಿದ್ದಾರಾ’ ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಫೆಬ್ರವರಿ 6, ಗುರುವಾರ

ಇರುವ ಸಮಯದಲ್ಲಿ ಎಲ್ಲ ಡಬ್ಬಿಗಳಿಂದಲೂ ಸ್ವಲ್ಪ ಸ್ವಲ್ಪ ಬೀಜ ತೆಗೆದು ಮೊಳಕೆಗೆ ಹಾಕುವುದೆಂದು ತೀರ್ಮಾನಿಸಿದ್ದೇವೆ. ಏನಾದರೂ ಹಸಿರು ತೋರಿಸಿದರೆ ನಿರ್ದೇಶಕರ ಮನಸ್ಸು ಕರಗೀತೇನೋ. ‘ನಾವು’ ಎಂದರೆ ನಾನು ಮತ್ತು ನನ್ನ ಜೂನಿಯರ್ ಹುಡುಗಿ. ಮಾತು ಕಡಿಮೆ, ಕೈ ಚುರುಕು. ಅವಳದು ತಾತ್ಕಾಲಿಕ ಕೆಲಸ, ಜೂನ್‌ಗೆ ಮುಗಿಯುತ್ತದೆ. ಆದರೂ ಬೀಜಗಳೆಲ್ಲ ತನ್ನ ಮನೆಯವು ಎಂಬಂತೆ ನೋಡಿಕೊಳ್ಳುತ್ತಾಳೆ.

ಒಳಗೆ ಹಲ್ಲು ಕಟಕಟ ಎನ್ನುವ ಚಳಿ. ಅವಳು ಅಮ್ಮನ ಹಳೆಯ ಶಾಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು ಹೋಗುತ್ತಾಳೆ. ನಾನು ಮಂಕಿ ಕ್ಯಾಪು ಹಾಕಿಕೊಳ್ಳುತ್ತೇನೆ. ಬೆಚ್ಚನೆಯ ಕೋಟು ಕೊಡಿಸಿ ಎಂದು ಆಫೀಸಿಗೆ ಬರೆದಿದ್ದೆ. ‘ಈ ಊರಿನ ಹವಾಮಾನವನ್ನು ಪರಿಗಣಿಸಿ ಉಣ್ಣೆ ಬಟ್ಟೆಯ ಅಗತ್ಯ ಕಂಡುಬರುವುದಿಲ್ಲ’ ಎಂದು ಷರಾ ಹಾಕಿ ವಾಪಸು ಕಳಿಸಿದ್ದಾರೆ. ಹೌದಪ್ಪ, ಊರಿನಲ್ಲಿ ಬೆವರು ಕಿತ್ತುಕೊಂಡು ಬರುತ್ತಿದೆ. ಬೀಜಗಳಿಗೆ ಮಾತ್ರ ಅದು ಗೊತ್ತಿಲ್ಲ.

ಸಂಜೆ ನಮ್ಮ ದರ್ಜಿಯ ಅಂಗಡಿಗೆ ಹೋದೆ. ಅವನು ಒಳಗಿನಿಂದ ಒಂದು ಕಪ್ಪು ಉಣ್ಣೆ ಕೋಟು ತಂದು ಕೊಡವಿದ. ಮೊಣಕಾಲು ಮುಟ್ಟುವಷ್ಟು ಉದ್ದ, ಅಗಲವಾದ ಕಾಲರು, ಹೆಬ್ಬೆರಳಿನಷ್ಟು ದೊಡ್ಡ ಗುಂಡಿಗಳು.

“ಹೊರದೇಶಕ್ಕೆ ಹೋಗ್ತೀನಿ ಅಂತ ಒಬ್ರು ಹೊಲಿಸಿದ್ರು ಸಾರ್. ವೀಸಾ ಸಿಗಲಿಲ್ಲವೋ ಏನೋ, ಆಮೇಲೆ ಈ ಕಡೆ ತಲೇನೇ ಹಾಕಲಿಲ್ಲ. ತಗೊಂಡ್ಹೋಗಿ, ಜಾಗವಾದ್ರೂ ಖಾಲಿಯಾಗುತ್ತೆ.”

ತಂದೆ. ಕೋಲ್ಡ್ ರೂಮಿನ ಬಾಗಿಲ ಪಕ್ಕ ಒಂದು ಮೊಳೆ ಹೊಡೆದು ತೂಗುಹಾಕುತ್ತೇನೆ. ಯಾರು ಒಳಗೆ ಹೋಗುತ್ತಾರೋ ಅವರು ಹಾಕಿಕೊಳ್ಳುವುದು. ರಾತ್ರಿ ಹುಡುಗಿಗೆ ಫೋನು ಮಾಡಿ ಕೋಟು ಎಷ್ಟುದ್ದ ಎಂದು ಹೇಳಿದಾಗ ಅವಳ ದನಿಯೇ ಅರಳಿತು. “ನಂಗೆ ಕಾಲು ತನಕ ಬರುತ್ತೆ ಸರ್, ಇನ್ನೂ ಒಳ್ಳೇದು” ಎಂದಳು.

ಫೆಬ್ರವರಿ 10, ಸೋಮವಾರ

ಕೋಟನ್ನು ಮಡಚಲಾಗದೆ ತೋಳಿನ ಮೇಲೆ ಹಾಕಿಕೊಂಡೇ ಗೇಟು ದಾಟಿದೆ. ಎದುರಿಗೆ ರೇಡಿಯೋ ಸಿಕ್ಕ. ಪಕ್ಕದ ಲ್ಯಾಬಿನವನು. ಬೆಳಿಗ್ಗೆ ಶುರುವಾದರೆ ಸಂಜೆ ಐದರವರೆಗೆ ಪ್ರಸಾರ ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು. ಕೋಟಿನ ಉಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿದ. “ಓಹೋ” ಎಂದ. ಅದರ ಮೇಲೆ ಒಂದು ಮಾತೂ ಆಡಲಿಲ್ಲ. ಅವನು ಸುಮ್ಮನಾದದ್ದು ಕಂಡು ನನಗೆ ಆಶ್ಚರ್ಯವಾಯಿತು.

ಫೆಬ್ರವರಿ 12, ಬುಧವಾರ

ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. ನಿರ್ದೇಶಕರು ಮತ್ತೆ ಕರೆಸಿದರು. ಹೋದರೆ ಒಂದು ಕುರ್ಚಿ ಖಾಲಿ! ಫೈಲುಗಳನ್ನು ನೆಲಕ್ಕಿಳಿಸಿದ್ದರು.

“ಕೂತ್ಕೊಳ್ಳಿ ಡಾಕ್ಟ್ರೇ. ಏನ್ರೀ ಇದು, ನಮಗೊಂದು ಮಾತು ಹೇಳಬಾರದಾ? ಯಾವ ದೇಶ?”

“ಯಾವ ದೇಶ ಸರ್?”

“ಅದನ್ನೇ ನಾನು ಕೇಳ್ತಿರೋದು. ಉಣ್ಣೆ ಕೋಟು ತಂದಿದ್ದೀರಂತೆ.”

ಕೋಟು ಕೋಲ್ಡ್ ರೂಮಿಗೆ ತಂದದ್ದು, ನಾನು ಎಲ್ಲಿಗೂ ಹೋಗುತ್ತಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಹೋಗೋರೆಲ್ಲ ಹೀಗೇ ಹೇಳೋದು. ಆ ಫೋಟೋದಲ್ಲಿರೋನೂ ವಿಮಾನ ಹತ್ತೋ ಹಿಂದಿನ ದಿನದವರೆಗೂ ಇಲ್ಲ ಇಲ್ಲ ಅಂದಿದ್ದ.” ನನ್ನಂಥವರು ಬಿಟ್ಟುಹೋದರೆ ಸಂಸ್ಥೆಗೆ ಕೈ ಮುರಿದಂತಾಗುತ್ತದಂತೆ. ಕೋಲ್ಡ್ ರೂಮಿನ ವಿಷಯ ಸದ್ಯಕ್ಕೆ ಬದಿಗಿಡೋಣ ಎಂದರು. ಟೀ ಬೇರೆ ತರಿಸಿದರು.

ಸುಳ್ಳು ಹೇಳಿದ್ದರೆ ತಪ್ಪಿತಸ್ಥ ಅನ್ನಿಸುತ್ತಿತ್ತು. ನಿಜ ಹೇಳಿದೆ, ನಂಬಲಿಲ್ಲ. ನಾನೇನು ಮಾಡಲಿ?

ಫೆಬ್ರವರಿ 22, ಶನಿವಾರ

ಹೆಂಡತಿ ಶಾಲೆಯಿಂದ ಬಂದವಳೇ ಚೀಲ ಕುಕ್ಕಿದಳು. ಅವಳು ಗಣಿತದ ಮೇಡಂ, ಸುತ್ತುಬಳಸಿ ಮಾತಾಡಿ ಗೊತ್ತಿಲ್ಲ.

“ರೀ, ನಾವು ಹೊರದೇಶಕ್ಕೆ ಹೋಗ್ತಿದೀವಂತೆ. ಸ್ಟಾಫ್ ರೂಮಲ್ಲಿ ನನಗೇ ಹೇಳ್ತಿದ್ರು. ನನ್ನ ಮಿಕ್ಸಿ ಯಾರಿಗೆ ಅಂತ ಆಗಲೇ ಜಗಳ.”

ನಡೆದದ್ದನ್ನೆಲ್ಲ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಕೇಳಿದಳು: “ಅಲ್ರೀ, ಇಷ್ಟು ವರ್ಷ ನೀವು ಮಾಡಿದ ಕೆಲಸಕ್ಕೆ ಸೊಪ್ಪು ಹಾಕದವರು, ಯಾರೋ ಬಿಟ್ಟುಹೋದ ಕೋಟಿಗೆ ಕುರ್ಚಿ ಕೊಟ್ರಾ? ನಿಮಗೆ ಬೇಜಾರಾಗಲಿಲ್ವಾ?”

ಆಯಿತು. ಆದರೆ ಕುರ್ಚಿ ಮೆತ್ತಗಿತ್ತು.

ಮಾರ್ಚ್ 3, ಸೋಮವಾರ

ಎಂಥ ದಿನ! ಹುಡುಗಿಯ ಕೈಯಿಂದ ಕೋಟಿನ ಮೇಲೆ ಏನೋ ಚೆಲ್ಲಿ ಕಲೆಯಾಗಿತ್ತೆಂದು ಡ್ರೈ ಕ್ಲೀನಿಂಗಿಗೆ ಕೊಟ್ಟು ಬರಿಯ ಅಂಗಿಯಲ್ಲಿ ಹೋಗಿದ್ದೆ. ಹಜಾರದಲ್ಲಿ ನಿರ್ದೇಶಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ದಿನವೂ ಮೊಳೆಯ ಮೇಲೆ ಕಾಣುತ್ತಿದ್ದದ್ದು ಇವತ್ತು ಕಂಡಿರಲಿಲ್ಲ. “ಕೋಟು?” ಎಂದರು. “ಇಲ್ಲ ಸರ್” ಎಂದೆ. “ಅಂದ್ರೆ... ಹೋಗ್ತಿಲ್ವಾ?” ಅವರ ಮುಖದಲ್ಲಿ ನೆಮ್ಮದಿಯೋ ನಿರಾಶೆಯೋ ಗೊತ್ತಾಗಲಿಲ್ಲ. ಊಟ ಮುಗಿಸಿ ಬರುವಷ್ಟರಲ್ಲಿ ಇಬ್ಬರು ಕೋಲ್ಡ್ ರೂಮಿನಲ್ಲಿ ಟೇಪು ಹಿಡಿದು ಅಳತೆ ಮಾಡುತ್ತಿದ್ದರು. ಸೋಫಾದವರು! ಬಾಗಿಲು ಹಾರುಹೊಡೆದಿತ್ತು. ಹುಡುಗಿ ಡಬ್ಬಿಗಳ ಮುಂದೆ ಕೈ ಚಾಚಿ ನಿಂತು, “ಬಾಗಿಲು ಹಾಕ್ರೀ, ಬಾಗಿಲು ಹಾಕ್ರೀ” ಎಂದು ಕೂಗುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು.

ಆಟೋ ಹಿಡಿದು ಡ್ರೈ ಕ್ಲೀನಿಂಗಿನವನ ಹತ್ತಿರ ಓಡಿದೆ. ಇನ್ನೂ ಒದ್ದೆಯಿದ್ದ ಕೋಟನ್ನೇ ಹಾಕಿಕೊಂಡು ಬಂದು ನಿರ್ದೇಶಕರ ಕಿಟಕಿಯ ಮುಂದೆ ಸುಮ್ಮನೆ ಎರಡು ಸಲ ಓಡಾಡಿದೆ. ನಾಲ್ಕು ಗಂಟೆಗೆ ಸೋಫಾದವರು ಟೇಪು ಸುತ್ತಿಕೊಂಡು ಹೋದರು.

ಇನ್ನು ಮೇಲೆ ಕೋಟು ಮೊಳೆಗಲ್ಲ, ನನ್ನ ಮೈಮೇಲೆ. ಬೀಜಗಳಿಗಾಗಿ.

ಮಾರ್ಚ್ 12, ಬುಧವಾರ

ಇವತ್ತಿನದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು!

ಬೆಳಿಗ್ಗೆ ಹುಡುಗಿ ಶಾಲು ಸುತ್ತಿಕೊಂಡೇ ನನ್ನ ಕೋಣೆಗೆ ಓಡಿಬಂದಳು. ಕೈಯಲ್ಲಿ ಗಾಜಿನ ತಟ್ಟೆ. ತಟ್ಟೆ ತುಂಬ ಮೊಳಕೆ. ಒಂದಲ್ಲ, ಎರಡಲ್ಲ, ಹತ್ತಕ್ಕೆ ಒಂಬತ್ತು! ನಾನು ಸತ್ತಿವೆ ಎಂದು ಬರೆದಿಟ್ಟಿದ್ದ ಡಬ್ಬಿಯದು.

“ಸರ್, ಅವು ಚಳಿಗೆ ಸಾಯ್ತಿರಲಿಲ್ಲ. ನಾವು ಹೊರಗೆ ತಂದ ಕೂಡಲೇ ನೀರಲ್ಲಿ ನೆನೆಹಾಕ್ತಿದ್ವಲ್ಲ, ಆಗ ಸಾಯ್ತಿದ್ವು. ಅಷ್ಟು ಒಣಗಿರೋ ಬೀಜಕ್ಕೆ ಒಂದೇ ಸಲ ನೀರು ಕೊಟ್ರೆ ಒಳಗೆ ಸೀಳಿಬಿಡುತ್ತೆ. ನಾನು ಮೊದಲು ಎರಡು ದಿನ ಬರೀ ತೇವದ ಗಾಳೀಲಿ ಇಟ್ಟೆ. ಆಮೇಲೆ ನೀರು.”

ಇಷ್ಟೇ. ಇಷ್ಟು ಸಣ್ಣ ವಿಷಯ! ನನ್ನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ಸ್ವಲ್ಪ ಅಸೂಯೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ಹೆಚ್ಚಾಗಿ ಕುಣಿಯುವ ಹಾಗಾಯಿತು. ಆ ಡಬ್ಬಿಗಳಲ್ಲಿ ಒಂದು ಕಾಡೇ ಬದುಕಿದೆ. ಇಬ್ಬರೂ ಕೋಲ್ಡ್ ರೂಮಿಗೆ ಹೋಗಿ ಡಬ್ಬಿಗಳನ್ನು ನೋಡುತ್ತ ನಿಂತೆವು. ನನ್ನ ಫೋನಿನಲ್ಲಿ ಅವಳ ಫೋಟೋ ತೆಗೆದೆ, ತಟ್ಟೆ ಹಿಡಿದು, ಮೂಗು ಕೆಂಪಗಾಗಿ ನಗುತ್ತಿರುವುದು. “ಇದು ಪೂರ್ತಿ ನಿನ್ನ ಕೆಲಸ ಕಣಮ್ಮ, ಪೇಪರು ಬರಿ, ನಿನ್ನ ಹೆಸರೇ ಮೊದಲು” ಎಂದೆ.

ಹೊರಬರುವಾಗ ಅವಳು ಕೇಳಿದಳು: “ಸರ್, ಕೋಟು ಮೊಳೆ ಮೇಲೆ ಇರ್ತಿಲ್ಲ ಈಗ. ಮಧ್ಯಾಹ್ನ ಒಂದು ಗಂಟೆ ಹೊತ್ತು ಕೊಡ್ತೀರಾ?” ಯಾಕೆ ಕೊಡಲಾಗದೆಂದು ವಿವರಿಸಿದೆ. ಜಾಣೆ, ಅರ್ಥಮಾಡಿಕೊಂಡಳು.

ಮಾರ್ಚ್ 21, ಶುಕ್ರವಾರ

ನಾನು ಹೊರಡುವ ಮೊದಲು ಒಂದು ಉಪನ್ಯಾಸ ಕೊಡಬೇಕೆಂದು ನಿರ್ದೇಶಕರ ಆಸೆ. ಕೊಟ್ಟೆ. ಸಭಾಂಗಣ ತುಂಬಿತ್ತು. ಹೋದ ವರ್ಷ ಇದೇ ವಿಷಯದ ಮೇಲೆ ಮಾತಾಡಿದಾಗ ಕೇಳಲು ಬಂದವರು ರೇಡಿಯೋ ಮತ್ತು ಎಲೆಕ್ಟ್ರಿಷಿಯನ್, ಅವನೂ ಮೈಕಿಗಾಗಿ. ಇವತ್ತು ಮೊಳಕೆಯ ಚಿತ್ರ ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. ‘ನಮ್ಮ ಲ್ಯಾಬಿನಲ್ಲಿ ಕಂಡುಕೊಂಡದ್ದು’ ಎಂದು ಹೇಳಿದೆ. ಹುಡುಗಿಯ ಹೆಸರು ಹಾಕಬೇಕೆಂದಿದ್ದೆ, ಚಿತ್ರದಲ್ಲಿ ಜಾಗ ಸಾಲಲಿಲ್ಲ. ಅವಳು ಕೊನೆಯ ಸಾಲಿನಲ್ಲಿದ್ದಳೆಂದು ಕಾಣುತ್ತದೆ.

ಕೋಟಿನೊಳಗೆ ಅಂಗಿ ಪೂರ್ತಿ ಒದ್ದೆ.

ಏಪ್ರಿಲ್ 2, ಬುಧವಾರ

ಹೊಸ ಕುರ್ಚಿ ಬಂತು. ಕೈಯಿರುವುದು, ತಿರುಗುವುದು.

ಏಪ್ರಿಲ್ 15, ಮಂಗಳವಾರ

ಸಮಿತಿಗಳು ಜೀವ ತಿನ್ನುತ್ತಿವೆ. ಹೊಸಬರ ಆಯ್ಕೆಗೆ ನಾನು, ಖರೀದಿಗೆ ನಾನು, ಅತಿಥಿ ಸತ್ಕಾರಕ್ಕೂ ನಾನು. ಹೊರದೇಶದ ಮಟ್ಟ ನಿಮಗೆ ಗೊತ್ತಲ್ಲ ಎನ್ನುತ್ತಾರೆ. ನನ್ನ ಪಾಸ್‌ಪೋರ್ಟಿನ ಅವಧಿ ಮುಗಿದು ಯಾವ ಕಾಲವಾಯಿತೋ. ‘ಯಾವಾಗ ಹೊರಡ್ತೀರಿ’ ಎಂದು ಕೇಳಿದವರಿಗೆ ‘ನೋಡೋಣ’ ಎನ್ನುತ್ತೇನೆ. ಅದು ಸುಳ್ಳೇನಲ್ಲ.

ಹುಡುಗಿ ಪೇಪರು ಬರೆದು ತಂದುಕೊಟ್ಟು ಬಹಳ ದಿನವಾಯಿತು. ಇವತ್ತು ಬಾಗಿಲಲ್ಲಿ ನಿಂತು ಕೇಳಿದಳು. “ಓದಿದ್ರಾ ಸರ್?” ಕೂತುಕೋ ಎನ್ನಲು ನೋಡಿದರೆ ಕುರ್ಚಿಗಳ ಮೇಲೆಲ್ಲ ಸಮಿತಿಯ ಫೈಲುಗಳು. ಓದಿದ್ದೇನೆ, ಚೆನ್ನಾಗಿದೆ, ಆದರೆ ಅವಸರ ಮಾಡುವುದು ಬೇಡ ಎಂದೆ. ಇದು ದೊಡ್ಡ ವಿಷಯ. ತಪ್ಪಾದರೆ ಸಂಸ್ಥೆಯ ಮಾನ ಹೋಗುತ್ತದೆ.

“ಮೂರು ಸಲ ಮಾಡಿ ನೋಡಿದೀನಿ ಸರ್. ಮೂರು ಸಲವೂ ಬಂದಿವೆ.”

“ಅದು ಸರಿಯಮ್ಮ. ಹೊರಗಿನವರು ಯಾರಾದ್ರೂ ಒಂದು ಸಲ ನೋಡ್ಲಿ.”

“ಆಯ್ತು ಸರ್” ಎಂದು ಹೋದಳು. ಒಳ್ಳೆಯ ಹುಡುಗಿ, ಹೇಳಿದರೆ ಕೇಳುತ್ತಾಳೆ.

ಏಪ್ರಿಲ್ 28, ಸೋಮವಾರ

ಸೆಕೆ. ಕೋಟು. ಕುತ್ತಿಗೆಯ ಸುತ್ತ ಬೆವರುಸಾಲೆ ಎದ್ದಿದೆ.

ಹೆಂಡತಿ ಪೌಡರು ಹಚ್ಚುತ್ತ ಕೇಳಿದಳು: “ಕೋಲ್ಡ್ ರೂಮಿಗೆ ಹೋಗಿ ನಿಂತ್ಕೊಳ್ಳಿ, ತಣ್ಣಗಾಗುತ್ತೆ. ಯಾವಾಗ ಹೋಗಿದ್ರಿ ಕೊನೇ ಸಲ?”

ನೆನಪಾಗಲಿಲ್ಲ. ಹುಡುಗಿ ಇದ್ದಾಳಲ್ಲ, ನೋಡಿಕೊಳ್ಳುತ್ತಾಳೆ.

ಮೇ 9, ಶುಕ್ರವಾರ

ಇದು ನಾನು ಎಣಿಸಿದ್ದಲ್ಲ. ಅವಳು ನಾನು ಹೇಳಿದಂತೆಯೇ ಮಾಡಿದ್ದಾಳೆ. ಪೇಪರನ್ನು ಅವತ್ತೇ ಹೊರದೇಶದ ದೊಡ್ಡ ಬೀಜ ಸಂಗ್ರಹಾಲಯವೊಂದಕ್ಕೆ ಕಳಿಸಿದ್ದಾಳೆ. ಅವರು ಅವಳ ವಿಧಾನವನ್ನು ತಮ್ಮ ಬೀಜಗಳ ಮೇಲೆ ಮಾಡಿ ನೋಡಿದರಂತೆ. ಎರಡೇ ವಾರಕ್ಕೆ ಮೊಳಕೆ ಬಂತಂತೆ. ಫೋನು ಮಾಡಿ, ಇಲ್ಲಿಗೇ ಬಂದುಬಿಡು, ಲ್ಯಾಬು ಕೊಡುತ್ತೇವೆ ಎಂದರಂತೆ. ಅಲ್ಲಿಯ ಪತ್ರಿಕೆಗಳಲ್ಲಿ ಸುದ್ದಿಯಾಗಿದೆ. ಅದನ್ನು ನೋಡಿ ಇಲ್ಲಿಯ ಪತ್ರಿಕೆಗಳಲ್ಲೂ ಬಂದಿದೆ.

ನಿರ್ದೇಶಕರು ಪತ್ರಿಕೆ ಹಿಡಿದು ಬಂದರು. ತಾವೇ ನನ್ನ ಕೋಣೆಗೆ! “ಇಂಥವಳು ನಮ್ಮಲ್ಲೇ ಇದ್ಲು ಅಂತ ನೀವು ಒಂದು ಮಾತೂ ಹೇಳಲಿಲ್ಲವಲ್ಲ ಡಾಕ್ಟ್ರೇ!” ಹೇಳಬಹುದಿತ್ತು, ಯಾರೂ ಕೇಳಲಿಲ್ಲ.

ಮೇ 13, ಮಂಗಳವಾರ

ಹುಡುಗಿ ಇವತ್ತು ವಿಚಿತ್ರ ಮಾತಾಡಿದಳು. ಅವಳಿಗೆ ಹೋಗಲು ಮನಸ್ಸಿಲ್ಲವಂತೆ.

“ಬೀಜ ಎಲ್ಲ ಇಲ್ಲೇ ಇವೆ ಸರ್. ಕೆಲವಂತೂ ನಾಲ್ಕೇ ನಾಲ್ಕು ಉಳಿದಿವೆ. ಬೇರೆ ಯಾರೋ ತೆಗೆದು ನೆನೆಹಾಕಿಬಿಟ್ರೆ ಮುಗೀತು. ನನ್ನ ಕೆಲಸ ಒಂದು ಎರಡು ವರ್ಷ ಮುಂದುವರಿಸೋಕೆ ಆಗುತ್ತಾ, ನಿರ್ದೇಶಕರ ಹತ್ರ ಕೇಳ್ತೀರಾ? ನಿಮ್ಮ ಮಾತು ಅವರು ಕೇಳ್ತಾರೆ.”

ಹೌದು, ಈಗ ಕೇಳುತ್ತಾರೆ. ತಕ್ಷಣ ಹೋಗಿ ಕೇಳಿದೆ, ನನ್ನ ಕಡೆಯಿಂದ ಲೋಪವಿಲ್ಲ. ಅವರು ತಿರುಗುವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿದರು.

“ಅವಳನ್ನ ಇಲ್ಲೇ ಇಟ್ಕೊಂಡ್ರೆ ಅವಳಿಗೆ ಬೆಲೆ ಎಲ್ಲಿರುತ್ತೆ ಡಾಕ್ಟ್ರೇ? ಹೋಗ್ಲಿ ಬಿಡಿ. ಹೋಗಿ ಹೆಸರು ಮಾಡ್ಲಿ. ಆಮೇಲೆ ಕರೆಸಿ ದೊಡ್ಡದಾಗಿ ಸನ್ಮಾನ ಮಾಡೋಣ.”

ಮೊದಲು ಬೇಸರವಾಯಿತು. ಆಮೇಲೆ ಯೋಚಿಸಿದರೆ ಅವರ ಮಾತಿನಲ್ಲೂ ಅರ್ಥವಿದೆ ಅನ್ನಿಸಿತು. ಇಲ್ಲಿದ್ದರೆ ಅವಳೂ ನನ್ನಂತೆಯೇ ಕೊಳೆಯಬೇಕಿತ್ತು. ಅಂದರೆ, ಮೊದಲು ನಾನಿದ್ದಂತೆ.

ಹುಡುಗಿಗೆ ತಿಳಿಸಿದೆ. ಶಾಲು ಸುತ್ತಿಕೊಂಡು ಒಳಗೆ ಹೋದಳು.

ಜೂನ್ 2, ಸೋಮವಾರ

ಒಳ್ಳೆಯ ಸುದ್ದಿ! ಕೋಲ್ಡ್ ರೂಮು ಕಾಯಂ ಆಗಿ ಉಳಿಯಿತು. ಹೊರದೇಶದವರು ಅವಳು ಕೆಲಸ ಮಾಡಿದ ಜಾಗ ನೋಡಲು ಬರುತ್ತಾರಂತೆ. ಅದಕ್ಕೆ ಹೊಸ ಕಂಪ್ರೆಸರು, ಹೊಸ ಬಾಗಿಲು, ಬಾಗಿಲ ಮೇಲೆ ಬೋರ್ಡು. ಸೋಫಾಗಳನ್ನು ನನ್ನ ಕೋಣೆಯಲ್ಲಿ ಹಾಕುತ್ತಾರೆ.

ಮನೆಯಲ್ಲಿ ಹೇಳಿದೆ. ಹೆಂಡತಿ ಕೈಮುಗಿದಳು. “ಸದ್ಯ! ರೂಮು ಉಳೀತಲ್ಲ, ಇನ್ನಾದ್ರೂ ಆ ಕೋಟು ಬಿಚ್ಚಿ. ಆ ಹುಡುಗಿಗೆ ಕೊಟ್ಬಿಡಿ, ಅವಳು ಹೋಗೋದು ಭೂಮಧ್ಯರೇಖೆಯ ಆಚೆ, ಅಲ್ಲಿ ಜೂನ್ ಅಂದ್ರೆ ಚಳಿಗಾಲ. ಮೊದಲೇ ಇಬ್ಬರಿಗೂ ಅಂತ ತಾನೇ ತಂದಿದ್ದು?”

ನೋಡೋಣ ಎಂದೆ. ಇವಳಿಗೆ ಆಫೀಸಿನ ವ್ಯವಹಾರ ಅರ್ಥವಾಗುವುದಿಲ್ಲ.

ಜೂನ್ 13, ಶುಕ್ರವಾರ

ಹುಡುಗಿಯ ಬೀಳ್ಕೊಡುಗೆ. ಸಭೆಯಲ್ಲಿ ನಾನೇ ಮಾತಾಡಿದೆ. ಪ್ರತಿಭೆಯನ್ನು ಮೊದಲ ದಿನವೇ ಗುರುತಿಸಿದೆವು, ಬೆಳೆಯಲು ಬಿಟ್ಟೆವು ಎಂದೆ. ಮಾತು ಚೆನ್ನಾಗಿ ಬಂತು. ರೇಡಿಯೋ ಕಣ್ಣೊರೆಸಿಕೊಂಡ.

ಗೇಟಿನ ಹತ್ತಿರ ಟ್ಯಾಕ್ಸಿ ನಿಂತಿತ್ತು. ಅವಳ ಕೈಯಲ್ಲಿ ಒಂದು ಪೆಟ್ಟಿಗೆ, ಹೆಗಲ ಮೇಲೆ ಅದೇ ಶಾಲು. ಡಬ್ಬಿಗಳಲ್ಲಿ ಯಾವುದು ಎಲ್ಲಿದೆ ಎಂದು ಇನ್ನೊಂದು ಸಲ ಹೇಳಿದಳು. ನೀರಿಗೆ ಮೊದಲು ಗಾಳಿ, ನೀರಿಗೆ ಮೊದಲು ಗಾಳಿ, ಮರೀಬೇಡಿ ಸರ್ ಎಂದಳು. ಆಮೇಲೆ ಸಂಕೋಚದಿಂದ ಕೇಳಿದಳು.

“ಸರ್, ತಪ್ಪು ತಿಳ್ಕೋಬೇಡಿ. ವಿಮಾನ ಇಳಿದ ಕೂಡಲೇ ಹಿಮ ಇರುತ್ತಂತೆ. ಆ ಕೋಟು... ಅಲ್ಲಿ ಒಂದು ತಗೊಂಡ ಮೇಲೆ ವಾಪಸ್ ಕಳಿಸ್ತೀನಿ.”

ಕೈ ಗುಂಡಿಯವರೆಗೆ ಹೋಯಿತು. ಆದರೆ ನಿರ್ದೇಶಕರು ಅಲ್ಲೇ ಇದ್ದರು, ಇಡೀ ಸಂಸ್ಥೆ ನಿಂತಿತ್ತು. ಅವರ ಮುಂದೆ ಬಿಚ್ಚುವುದು ಹೇಗೆ? ರೂಮು ಉಳಿದಿದೆ, ನಿಜ. ಹಾಗೆಂದು ನಾಳೆಯ ದಿನ ಏನು ಎಂದು ಯಾರು ಬಲ್ಲರು?

“ಅಲ್ಲಿ ಒಳ್ಳೇ ಕೋಟು ಕೊಡ್ತಾರಮ್ಮ” ಎಂದೆ. “ಅಲ್ಲಿ ಎಲ್ಲಾ ಕೊಡ್ತಾರೆ.”

ನಕ್ಕಳು. ಟ್ಯಾಕ್ಸಿ ಹೋಯಿತು.

ಮನೆಗೆ ಬಂದಾಗ ಹೆಂಡತಿ, “ಕೋಟು ಕೊಟ್ರಾ?” ಎಂದಳು. ನನ್ನ ಮೈಮೇಲೆ ಇತ್ತು, ಕಾಣುತ್ತಿತ್ತು. ಗಡಿಬಿಡಿಯಲ್ಲಿ ಮರೆತೆ ಎಂದೆ. ಅವಳು ಬೆವರುಸಾಲೆಯ ಪೌಡರಿನ ಡಬ್ಬಿಯನ್ನು ನನ್ನ ಮುಂದೆ ಇಟ್ಟು ಒಳಗೆ ಹೋದಳು. ಇವತ್ತು ನಾನೇ ಹಚ್ಚಿಕೊಂಡೆ.

ಜೂನ್ 30, ಸೋಮವಾರ

ಹಜಾರದ ಗೋಡೆಗೆ ಹುಡುಗಿಯ ಫೋಟೋ ಹಾಕಿದರು. ಇಲ್ಲಿ ಕೆಲಸ ಮಾಡುತ್ತಿದ್ದಾಗಿನದು ಬೇಕೆಂದು ಹುಡುಕಿದರೆ ಇಡೀ ಸಂಸ್ಥೆಯಲ್ಲಿ ಒಂದೂ ಇರಲಿಲ್ಲ. ಕೊನೆಗೆ ನನ್ನ ಫೋನಿನಲ್ಲಿದ್ದದ್ದೇ ಗತಿಯಾಯಿತು. ಶಾಲು ಸುತ್ತಿಕೊಂಡು, ಮೂಗು ಕೆಂಪಗಾಗಿ, ಮೊಳಕೆಯ ತಟ್ಟೆ ಹಿಡಿದಿರುವುದು. ದೊಡ್ಡದು ಮಾಡಿಸಿದ್ದಾರೆ, ಚೆನ್ನಾಗಿ ಕಾಣುತ್ತದೆ.

ಅವಳ ಜಾಗಕ್ಕೆ ಹೊಸಬನೊಬ್ಬ ಇವತ್ತು ಸೇರಿದ. ತಾತ್ಕಾಲಿಕ. ಕೋಲ್ಡ್ ರೂಮು ತೋರಿಸಿ ಕಳಿಸಿದೆ. ಹತ್ತು ನಿಮಿಷಕ್ಕೆ ತುಟಿ ನೀಲಿಯಾಗಿ ಹೊರಬಂದ. ಬಾಗಿಲ ಪಕ್ಕದ ಮೊಳೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

“ಸರ್, ಒಳಗೆ ಹಾಕ್ಕೊಳ್ಳೋಕೆ ಕೋಟು ಏನಾದ್ರೂ ಸಿಗುತ್ತಾ?”

ಈಗಿನವರಿಗೆ ಎಲ್ಲವೂ ಮೊದಲ ದಿನವೇ ಆಗಬೇಕು. ಹಜಾರಕ್ಕೆ ಕರೆದುಕೊಂಡು ಹೋಗಿ ಫೋಟೋ ತೋರಿಸಿದೆ. “ನೋಡಪ್ಪ, ಬರೀ ಒಂದು ಶಾಲು ಸುತ್ಕೊಂಡು ಕೆಲಸ ಮಾಡಿದವಳು. ಈಗ ಎಲ್ಲಿದ್ದಾಳೆ ನೋಡು.”

ಹೊಸಬ ತಲೆಯಾಡಿಸಿ, ನಾಳೆ ಮನೆಯಿಂದ ಶಾಲು ತರುತ್ತೇನೆ ಎಂದ. ನಿರ್ದೇಶಕರು ಬರುವ ಹೊತ್ತಾಗಿತ್ತು. ಬೆವರು ಒರೆಸಿಕೊಂಡು ಕೋಟಿನ ಗುಂಡಿ ಹಾಕಿಕೊಂಡೆ.